ಪಹಣಿಯಲ್ಲಿ ಬರೆಯದ ನೀರು: ಬಾವಿ, ಹಳ್ಳ, ಕಾಲುವೆ ಮೇಲೆ ಯಾರಿಗೆ ಎಷ್ಟು ಹಕ್ಕು?

ನಾರಾಯಣಪುರ ಎಡದಂಡೆ ಕಾಲುವೆಯ ಮಗ್ಗಲಿಗೆ ಹೊಲ ಇರುವ ಸುರಪುರ, ಶಹಾಪುರ, ಜೇವರ್ಗಿ ಕಡೆಯ ರೈತರನ್ನು ಒಂದು ಪ್ರಶ್ನೆ ಕಾಡುತ್ತಿದೆ. ಹೊಲ ಹಿರಿಯರಿಂದ ಬಂದದ್ದು, ಪಹಣಿಯ 9ನೇ ಕಾಲಂನಲ್ಲಿ ಹೆಸರಿದೆ, ಕಂದಾಯ ಬಾಕಿಯಿಲ್ಲ. ಹಾಗಿದ್ದೂ ಅದರಲ್ಲಿ ಬೋರ್ ಹೊಡೆಸಬಾರದು ಅಂದರೆ ಹೇಗೆ?

ಈ ಪ್ರಶ್ನೆ ಎದ್ದದ್ದು 2024ರ ಕರ್ನಾಟಕ ನೀರಾವರಿ ತಿದ್ದುಪಡಿ ಕಾಯ್ದೆಯಿಂದ. 1965ರ ಮೂಲ ಕಾಯ್ದೆಯನ್ನು ಬಿಗಿ ಮಾಡಿದ ಈ ತಿದ್ದುಪಡಿಯಲ್ಲಿ ಕಾಲುವೆಯಿಂದ ಅಕ್ರಮವಾಗಿ ನೀರೆತ್ತಿದವರಿಗೆ ಎರಡು ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಕಾಲುವೆಯ ಎರಡೂ ಬದಿ 500 ಮೀಟರ್‌ನೊಳಗೆ ಬಾವಿ, ಬೋರ್ ತೋಡುವುದಕ್ಕೂ ನಿರ್ಬಂಧ ಬಂದಿದೆ. ಸುದ್ದಿ ಊರೂರಿಗೆ ತಲುಪುವಾಗ 'ಇನ್ನು ನೀರೆಲ್ಲ ಸರ್ಕಾರದ್ದು' ಎಂದಾಗಿದೆ. ಇನ್ನೊಂದು ಕಡೆ 'ನಮ್ಮ ನೆಲದೊಳಗಿನ ನೀರನ್ನು ಕೇಳಲು ಅವರ್ಯಾರು' ಎನ್ನುವ ಮಾತೂ ಕೇಳುತ್ತದೆ. ಕಾನೂನು ಈ ಎರಡೂ ಮಾತನ್ನು ಪೂರ್ತಿ ಒಪ್ಪುವುದಿಲ್ಲ. ನೀರು ಎಲ್ಲಿಂದ ಬಂತು, ಯಾವ ದಾರಿಯಲ್ಲಿ ಹರಿಯಿತು, ಎಷ್ಟು ವರ್ಷದಿಂದ ಯಾರು ಹೇಗೆ ಬಳಸಿದರು ಎನ್ನುವುದರ ಮೇಲೆ ಹಕ್ಕಿನ ಹೆಸರೇ ಬದಲಾಗುತ್ತದೆ. ನ್ಯಾಯ ತಮ್ಮ ಕಡೆ ಇದ್ದರೂ ಹಲವರು ಸೋಲುವುದು ಈ ಹೆಸರನ್ನು ತಪ್ಪಾಗಿ ಹಿಡಿದು ಕೋರ್ಟಿಗೆ ಹೋಗುವುದರಿಂದ.

ನೆಲದ ದಾಖಲೆ ನೀರಿನ ದಾಖಲೆ ಅಲ್ಲ

ನಮ್ಮ ಭಾಗದ ಜಮೀನಿನ ಮಾತೆಲ್ಲ ನೀರಿನಿಂದಲೇ ಹುಟ್ಟಿದ್ದು. ಖುಷ್ಕಿ ಎಂದರೆ ಒಣ ನೆಲ, ತರಿ ಎಂದರೆ ಹಸಿ ನೆಲ. ಎರಡೂ ಪಾರಸಿಯಿಂದ ಬಂದ ಪದಗಳು. 'ಹಕ್ಕು' ಕೂಡ ಅರಬ್ಬಿ ಮೂಲದ್ದೇ. ನಿಜಾಮರ ಕಾಲದ ಸೇತವಾರ ಎಂಬ ಸರ್ವೆ ದಾಖಲೆ, 1954–55ರ ಖಾಸ್ರಾ ಪಹಣಿಗಳಲ್ಲಿ ಬಾವಿ, ತರಿ ಎಂಬ ಉಲ್ಲೇಖ ಕಂಡ ಕೂಡಲೇ ನೀರೂ ಪಟ್ಟಾದಾರನದು ಎಂದು ಓದುವ ರೂಢಿ ಬೆಳೆದಿದೆ. ಆದರೆ ಆ ಉಲ್ಲೇಖ ಹೇಳುವುದು ಇಷ್ಟೇ: ಆ ವರ್ಷ ಆ ನೆಲಕ್ಕೆ ನೀರಿನ ಆಸರೆ ಇತ್ತು, ಅದಕ್ಕೆ ತಕ್ಕ ದಸ್ತು, ಅಂದರೆ ಕಂದಾಯ, ಕಟ್ಟಿದ್ದರು.

ಈಗಿನ ಪಹಣಿಯ ಬೆಲೆಯೂ ಅಷ್ಟೇ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ ಪಹಣಿಯ ನಮೂದನ್ನು ಬೇರೆ ಸಾಬೀತಾಗುವವರೆಗೆ ನಿಜವೆಂದು ಹಿಡಿಯಬೇಕು. ಅದೇ ಕಾಯ್ದೆಯ 67ನೇ ಕಲಂ ನದಿ, ಹಳ್ಳ, ನಾಲಾ, ಕೆರೆಯ ತಳ, ಕಾಲುವೆ, ನಿಂತ ನೀರು, ಹರಿಯುವ ನೀರು ಎಲ್ಲವೂ, ಖಾಸಗಿಯವರ ಸ್ವತ್ತು ಎಂದು ಸಾಬೀತಾಗದ ಹೊರತು, ರಾಜ್ಯ ಸರ್ಕಾರದ ಸ್ವತ್ತು ಎನ್ನುತ್ತದೆ. ಹೊಲದ ನಡುವೆ ಹಳ್ಳ ಹಾದಿದ್ದರೆ ಎರಡೂ ದಡ ನಿಮ್ಮವಿರಬಹುದು. ಹಳ್ಳ ಮಾತ್ರ ನಕ್ಷೆಯಲ್ಲಿ ಸರ್ಕಾರಿ ಎಂದೇ ಇರುತ್ತದೆ.

ಹಾಗಾದರೆ ರೈತನಿಗೆ ಉಳಿಯುವುದೇನು? ಬಳಸುವ ಹಕ್ಕು. ಅದು ಸಣ್ಣದಲ್ಲ, ಆದರೆ ಒಡೆತನವೂ ಅಲ್ಲ.

ಹಳ್ಳಕ್ಕೊಂದು ನಿಯಮ, ಬೋರಿಗೊಂದು ನಿಯಮ

ಈ ವಿಷಯದಲ್ಲಿ ಇಂದಿಗೂ ಬುನಾದಿ 1882ರ ಅನುಭೋಗ ಹಕ್ಕುಗಳ ಕಾಯ್ದೆ. ವಕೀಲರ ಬಾಯಲ್ಲಿ ಅದು ಈಸ್‌ಮೆಂಟ್ ಕಾಯ್ದೆ. ಅನುಭೋಗದ ಹಕ್ಕು ಎಂದರೆ ತನ್ನ ನೆಲದ ಅನುಕೂಲಕ್ಕೆ ಇನ್ನೊಬ್ಬರ ನೆಲವನ್ನು ಬಳಸುವ ಹಕ್ಕು. ಅದರ 7ನೇ ಕಲಂ ನೀರನ್ನು ಎರಡಾಗಿ ಸೀಳುತ್ತದೆ. ಗೊತ್ತಾದ ಪಾತ್ರದಲ್ಲಿ ಹರಿಯುವ ನೀರು ಒಂದು. ಪಾತ್ರವಿಲ್ಲದೆ ನೆಲದ ಮೇಲೆ ಹರಡುವ, ನೆಲದೊಳಗೆ ಬಸಿಯುವ ನೀರು ಇನ್ನೊಂದು.

ಪಾತ್ರದಲ್ಲಿ ಹರಿಯುವ ಹಳ್ಳದ ದಂಡೆಯ ರೈತ ಕುಡಿಯಲು, ಮನೆಗೆ, ದನಕುರಿಗೆ ನೀರು ಬಳಸಬಹುದು. ದಂಡೆಗೆ ತಾಗಿದ ಹೊಲಕ್ಕೂ ಹಾಯಿಸಬಹುದು; ಆದರೆ ಕೆಳಗಿನ ದಂಡೆಯವರಿಗೆ ಗಣನೀಯ ನಷ್ಟ ಆಗಬಾರದು. ಕೆಳಗಿನವರಿಗೂ ಅದೇ ಹಕ್ಕಿದೆ: ನೀರು ಪ್ರಮಾಣದಲ್ಲಿ, ದಿಕ್ಕಿನಲ್ಲಿ ದೊಡ್ಡ ಬದಲಾವಣೆ ಆಗದಂತೆ ತಮ್ಮ ಹೊಲದವರೆಗೆ ಬರಬೇಕು. ಬೇಸಿಗೆಯಲ್ಲಿ ಮರಳಿನ ಚೀಲ ಒಟ್ಟಿ ಹಳ್ಳಕ್ಕೆ ಪೂರ್ತಿ ಅಡ್ಡ ಕಟ್ಟಿದವನು ತಪ್ಪಿತಸ್ಥನಾಗುವುದು ಇಲ್ಲಿ. ದಂಡೆಯಿಂದ ಎರಡು ಕಿಲೋಮೀಟರ್ ದೂರದ ತನ್ನ ಬೇರೆ ಹೊಲಕ್ಕೆ ಪೈಪ್ ಹಾಕಿ ನೀರು ಒಯ್ಯುವವನಿಗೂ ಈ ದಂಡೆಯ ಹಕ್ಕು ನೆರವಾಗದು. ಹಕ್ಕು ದಂಡೆಯ ಹೊಲಕ್ಕೆ ಅಂಟಿದ್ದು, ಅದರ ಮಾಲೀಕನಿಗಲ್ಲ. ಇದೆಲ್ಲದರ ಮೇಲೆ ಸರ್ಕಾರದ ನಿಯಂತ್ರಣವೂ ಇದೆ. ಅದೇ ಕಾಯ್ದೆಯ 2ನೇ ಕಲಂ ನದಿ ನೀರನ್ನು ಹಂಚುವ ಸರ್ಕಾರದ ಅಧಿಕಾರವನ್ನು ಮುಟ್ಟದೆ ಬಿಟ್ಟಿದೆ. ಭೀಮಾ ಬತ್ತಿದಾಗ ಕುಡಿಯುವ ನೀರಿಗೆಂದು ನದಿದಂಡೆಯ ಪಂಪ್‌ಸೆಟ್ ನಿಲ್ಲಿಸುವ ಆದೇಶ ಬಂದರೆ, ದಂಡೆಯ ಹಕ್ಕು ಅದಕ್ಕೆ ಎದುರು ನಿಲ್ಲುವುದು ಕಷ್ಟ.

ನೆಲದಡಿಯ ನೀರಿನ ಕಥೆಯೇ ಬೇರೆ. ಗೊತ್ತಾದ ಪಾತ್ರವಿಲ್ಲದ ಅಂತರ್ಜಲವನ್ನು ತನ್ನ ಗಡಿಯೊಳಗೆ ಎಷ್ಟು ಬೇಕಾದರೂ ಎತ್ತಬಹುದು ಎನ್ನುತ್ತದೆ 7ನೇ ಕಲಂ. ಪಕ್ಕದ ಹೊಲದವರು 600 ಅಡಿ ಬೋರ್ ಹೊಡೆಸಿದ ತಿಂಗಳಲ್ಲೇ ನಿಮ್ಮ 60 ಅಡಿ ಬಾವಿ ಬತ್ತಿದರೆ ಅವರ ಮೇಲೆ ಪರಿಹಾರಕ್ಕೆ ದಾವೆ ನಿಲ್ಲುವುದಿಲ್ಲ. 20 ವರ್ಷ ಆ ಬಾವಿಯಿಂದ ನೀರೆತ್ತಿದ್ದೀರಿ ಎಂಬ ವಾದವೂ ಉಪಯೋಗಕ್ಕೆ ಬಾರದು. ಇಂಥ ನೀರಿನ ಮೇಲೆ ಎಷ್ಟು ಕಾಲ ಬಳಸಿದರೂ ಹಕ್ಕು ಹುಟ್ಟುವುದಿಲ್ಲ ಎಂದು 17ನೇ ಕಲಂ ಹೇಳಿಬಿಟ್ಟಿದೆ.

ಇದು ಇಂಗ್ಲೆಂಡಿನಿಂದ ಬಂದ ನಿಯಮ. 1843ರ ಆ್ಯಕ್ಟನ್–ಬ್ಲಂಡೆಲ್ ಪ್ರಕರಣದಲ್ಲಿ ಕಲ್ಲಿದ್ದಲು ಗಣಿ ಅಗೆದು ನೀರು ಹೊರಹಾಕಿದ್ದರಿಂದ ಪಕ್ಕದ ಹತ್ತಿ ಗಿರಣಿಯ ಬಾವಿ ಬತ್ತಿತು, ಗಿರಣಿಯವರು ಸೋತರು. ನೆಲದೊಳಗೆ ನೀರು ಹೇಗೆ ಹರಿಯುತ್ತದೆಂದು ಯಾರಿಗೂ ತಿಳಿಯದು, ಹಾಗಾಗಿ ಅದರ ಮೇಲೆ ಹಕ್ಕು ಕಟ್ಟಲಾಗದು ಎನ್ನುವ ಯೋಚನೆ ಆ ಕಾಲದ್ದು. ಸೇಡಂ, ಚಿತ್ತಾಪುರ, ಶಹಾಬಾದ್ ಸುತ್ತಿನ ಸುಣ್ಣಕಲ್ಲಿನ ಗಣಿಗಳ ಪಕ್ಕದ ರೈತನ ಸ್ಥಿತಿ ಇದರ ಪಡಿಯಚ್ಚು. ಗಣಿಯ ತಳ ಅಂತರ್ಜಲದ ಮಟ್ಟಕ್ಕಿಂತ ಕೆಳಗಿಳಿದರೆ ನೀರನ್ನು ಪಂಪ್ ಮಾಡಿ ಹೊರಹಾಕಲೇಬೇಕು. ಸುತ್ತಲ ಬಾವಿಗಳ ಮಟ್ಟ ಅದರೊಂದಿಗೆ ಇಳಿಯುತ್ತದೆ. ಇಲ್ಲಿ 'ನನ್ನ ನೀರು' ಎಂದು ದಾವೆ ಹೂಡುವುದಕ್ಕಿಂತ ಗಣಿಯ ಪರಿಸರ ಅನುಮತಿಯ ಷರತ್ತುಗಳ ಪ್ರತಿ ತೆಗೆಸಿ, ಅಂತರ್ಜಲ ಮಟ್ಟದ ಷರತ್ತು ಪಾಲನೆಯಾಗಿದೆಯೇ ಎಂದು ಮಾಲಿನ್ಯ ನಿಯಂತ್ರಣ ಮಂಡಳಿ ಮತ್ತು ಹಸಿರು ನ್ಯಾಯಮಂಡಳಿ ಮುಂದೆ ಕೇಳುವುದು ಗಟ್ಟಿ ದಾರಿ.

ಬೀದರಿನ ಕರೇಜ್ ಈ ವಿಂಗಡಣೆಗೆ ಒಗ್ಗದ ವಸ್ತು. ಬಹಮನಿ ಕಾಲದಲ್ಲಿ ಕೆಂಪು ಜಂಬಿಟ್ಟಿಗೆಯೊಳಗೆ ಕೊರೆದ ಸುರಂಗ, ನಡುನಡುವೆ ಗಾಳಿಬಾವಿ. ಸುರಂಗದೊಳಗೆ ಸೇರಿದ ನೀರಿಗೆ ಗೊತ್ತಾದ ಪಾತ್ರವಿದೆ, ಅದೂ ಮನುಷ್ಯ ಕೊರೆದದ್ದು. ಸೇರುವ ಮೊದಲು ಕಲ್ಲಿನಲ್ಲಿ ಬಸಿಯುವ ನೀರಿಗೆ ಪಾತ್ರವಿಲ್ಲ. ಗಾಳಿಬಾವಿ ಮುಚ್ಚಿ ಮನೆ ಕಟ್ಟಿದರೆ ಕಾನೂನು ಹಿಡಿಯಬಹುದು. ನೂರು ಮೀಟರ್ ಆಚೆ ಬೋರ್ ಹೊಡೆಸಿ ಅದೇ ನೀರನ್ನು ಮೊದಲೇ ಎಳೆದುಕೊಂಡರೆ 1882ರ ಕಾಯ್ದೆ ಕೈ ಕಟ್ಟಿ ಕೂರುತ್ತದೆ.

500 ಮೀಟರ್: ಎರಡು ಕಡೆಯ ವಾದ

1882ರ ಈ ಸಡಿಲವನ್ನು ಮುಂದಿನ ಕಾಯ್ದೆಗಳು ತುಂಡುತುಂಡಾಗಿ ಬಿಗಿ ಮಾಡುತ್ತ ಬಂದಿವೆ. 1999ರ ಕುಡಿಯುವ ನೀರಿನ ಮೂಲಗಳ ರಕ್ಷಣೆಯ ಅಂತರ್ಜಲ ಕಾಯ್ದೆ ಪ್ರಕಾರ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್‌ನೊಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ. 2011ರ ಅಂತರ್ಜಲ ಕಾಯ್ದೆ ಅಧಿಸೂಚಿತ ಪ್ರದೇಶದಲ್ಲಿ ಪರವಾನಗಿಯನ್ನು, ಬೋರ್ ಕೊರೆಯುವ ಯಂತ್ರಗಳಿಗೆ ನೋಂದಣಿಯನ್ನು ಕಡ್ಡಾಯ ಮಾಡಿತು. ಕಾಲುವೆ ಪಕ್ಕದ ನಿಯಮ ಇದೇ ಸಾಲಿನದು. ಹೊಲದ ಮಾಲೀಕತ್ವವನ್ನು ಇದು ಮುಟ್ಟಿಲ್ಲ. ಬಳಕೆಗೆ ಬೇಲಿ ಹಾಕಿದೆ.

ಇಲಾಖೆ ಮತ್ತು ಕಾಲುವೆಯ ಕೊನೆ ಭಾಗದ ರೈತರು ಹೇಳುವುದು ಹೀಗೆ. ಕಾಲುವೆಯ ಏರಿಗೆ ತಾಗಿ ತೋಡಿದ ಬಾವಿಗೆ ಬರುವುದು ಕಾಲುವೆಯಿಂದ ಬಸಿದ ನೀರೇ. ಹೆಸರಿಗೆ ಬಾವಿ, ಕೆಲಸದಲ್ಲಿ ತೂಬು. ಲೆಕ್ಕ ಹಾಕಿ ನೋಡಿ: 5 ಎಚ್‌ಪಿ ಮೋಟಾರ್ ಅರ್ಧದಷ್ಟು ದಕ್ಷತೆಯಲ್ಲಿ ನಡೆದರೂ 10 ಮೀಟರ್ ಎತ್ತರಕ್ಕೆ ಸೆಕೆಂಡಿಗೆ ಸುಮಾರು 19 ಲೀಟರ್ ಎತ್ತುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28.3 ಲೀಟರ್. ಇಂಥ ಮೂರು ಮೋಟಾರ್ ಸೇರಿದರೆ ಎರಡು ಕ್ಯೂಸೆಕ್ ಹೋಯಿತು. ಉಪಕಾಲುವೆಯೊಂದರಲ್ಲಿ ಮೂವತ್ತು ಮೋಟಾರ್ ಇದ್ದರೆ ಜೇವರ್ಗಿ ಶಾಖಾ ಕಾಲುವೆಯ ತುದಿಯಲ್ಲಿ ಕೆಸರು ಮಾತ್ರ ಉಳಿಯುತ್ತದೆ.

ಪಕ್ಕದ ರೈತರ ವಾದವೂ ಹಗುರಲ್ಲ. ಒಂದು ಕಿಲೋಮೀಟರ್ ಕಾಲುವೆಗೆ ಎರಡೂ ಬದಿ 500 ಮೀಟರ್ ಎಂದರೆ ನೂರು ಹೆಕ್ಟೇರ್, ಅಂದರೆ ಸುಮಾರು 247 ಎಕರೆ. ಅಷ್ಟರಲ್ಲಿ ಎಲ್ಲ ಹೊಲಕ್ಕೂ ಕಾಲುವೆ ನೀರು ಹತ್ತುವುದಿಲ್ಲ. ಎತ್ತರದ ಹೊಲಕ್ಕೆ ಬೋರೇ ಗತಿ. ಸುರಪುರ, ಶಹಾಪುರದ ಗ್ರಾನೈಟ್ ಬಂಡೆಯಲ್ಲಿ ನೀರು ಬಿರುಕಿನಲ್ಲಿ ಚಲಿಸುತ್ತದೆ. 450 ಮೀಟರ್ ದೂರದ ಬೋರಿಗೆ ಕಾಲುವೆ ಸಂಬಂಧವೇ ಇಲ್ಲದಿರಬಹುದು, 700 ಮೀಟರ್ ದೂರದ್ದಕ್ಕೆ ಇರಬಹುದು. ಪಟ್ಟಿ ಹಿಡಿದು ಅಳೆದ ಗೆರೆ ಬಂಡೆಯ ಬಿರುಕನ್ನು ನೋಡುವುದಿಲ್ಲ.

ಎರಡೂ ಕಡೆಯವರು ಮೆಲ್ಲಗೆ ದಾಟಿಬಿಡುವ ಒಂದು ಸಂಗತಿ ಭತ್ತ. ಈ ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಗಳನ್ನು ರೂಪಿಸಿದ್ದು ಕಡಿಮೆ ನೀರಿನ ಬೆಳೆಗೆ. ಮೇಲ್ಭಾಗದಲ್ಲಿ ಭತ್ತ ಹಚ್ಚಿದ ಮೇಲೆ ಕೊನೆ ಭಾಗ ಒಣಗುವುದಕ್ಕೆ ಬೋರ್ ಕಳ್ಳರೇ ಬೇಕಿಲ್ಲ. ಬೆಳೆ ಪದ್ಧತಿ ಮುಟ್ಟದೆ ಬೋರ್ ಮಾತ್ರ ಹಿಡಿಯುವುದು ಅರ್ಧ ಕೆಲಸ ಎಂದೇ ಹೇಳಬೇಕು.

ಕೋರ್ಟಿನ ಒಲವು ಯಾವ ಕಡೆ ಎಂಬ ಸುಳಿವು 1996ರಲ್ಲೇ ಇದೆ. ಕಮಲ್ ನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನೀರಿನಂಥ ಪ್ರಾಕೃತಿಕ ಸಂಪತ್ತಿಗೆ ಸರ್ಕಾರ ಜನರ ಪರವಾದ ಧರ್ಮದರ್ಶಿ ಎಂಬ ತತ್ವವನ್ನು ಒಪ್ಪಿತು. ಧರ್ಮದರ್ಶಿಗೆ ಕಾಯುವ ಹೊಣೆ ಇರುತ್ತದೆ, ಮಾರುವ ಹಕ್ಕು ಇರುವುದಿಲ್ಲ. 'ನೀರೆಲ್ಲ ಸರ್ಕಾರದ್ದು' ಎನ್ನುವವರು ಈ ಎರಡನೇ ಅರ್ಧವನ್ನು ಮರೆಯಬಾರದು.

ಕೇಳಿ ಬಳಸಿದ್ದು ಹಕ್ಕಾಗುವುದಿಲ್ಲ

ಕಾಲುವೆ, ಗಣಿ ದೊಡ್ಡ ಸುದ್ದಿ. ತಾಲೂಕು ಕೋರ್ಟುಗಳ ಸಿವಿಲ್ ದಾವೆಗಳಲ್ಲಿ ಬರುವುದು ಇನ್ನೂ ಸಣ್ಣ ಸಂಗತಿ: ಪೈಪ್‌ಲೈನ್, ಬಾವಿಗೆ ಹೋಗುವ ದಾರಿ, ಮೋಟಾರಿನ ಪಾಳಿ.

ನಿಮ್ಮ ಬಾವಿಯ ನೀರು ನಿಮ್ಮದೇ ಇನ್ನೊಂದು ಹೊಲಕ್ಕೆ ಮಗ್ಗಲಿನವರ ಹೊಲದ ಮೂಲಕ ಹೋಗುತ್ತಿದೆ ಎಂದಿಟ್ಟುಕೊಳ್ಳಿ. ಇದು ಅನುಭೋಗದ ಹಕ್ಕು ಆಗಬಹುದು ಅಥವಾ ಬರೀ ಅನುಮತಿ ಇರಬಹುದು. ವ್ಯತ್ಯಾಸ ದೊಡ್ಡದು. ಅನುಭೋಗದ ಹಕ್ಕು ಹೊಲಕ್ಕೆ ಅಂಟಿರುತ್ತದೆ. ಹೊಲ ಮಾರಿದರೆ ಖರೀದಿದಾರನಿಗೆ ಅದೂ ಹೋಗುತ್ತದೆ, ಮಗ್ಗಲ ಹೊಲ ಕೈ ಬದಲಾದರೂ ಉಳಿಯುತ್ತದೆ. ಅನುಮತಿ ಕೊಟ್ಟವರು ಅದನ್ನು ಹಿಂತೆಗೆಯಬಹುದು, ಅವರು ತಮ್ಮ ಹೊಲ ಮಾರಿದರೆ ಹೊಸ ಮಾಲೀಕ ಅದಕ್ಕೆ ಬದ್ಧನಲ್ಲ.

ಅನುಭೋಗದ ಹಕ್ಕು ದೀರ್ಘ ಬಳಕೆಯಿಂದ ಹುಟ್ಟಬೇಕಾದರೆ 1882ರ ಕಾಯ್ದೆಯ 15ನೇ ಕಲಂ ಪ್ರಕಾರ 20 ವರ್ಷ ಬೇಕು. ಸರ್ಕಾರಿ ಜಮೀನಾದರೆ 30. ಬಳಕೆ ಬಹಿರಂಗವಾಗಿ, ಜಗಳವಿಲ್ಲದೆ, ತಡೆಯಿಲ್ಲದೆ, 'ಇದು ನನ್ನ ಹಕ್ಕು' ಎಂಬ ನೆಲೆಯಲ್ಲಿ ನಡೆದಿರಬೇಕು. ಬಹುತೇಕರು ಎಡವುವುದು ಈ ಕೊನೆಯ ಮಾತಿಗೆ. 'ಅವರ ತಂದೆಯವರು ದೊಡ್ಡ ಮನಸ್ಸಿನವರು, ಕೇಳಿದಾಗ ಪೈಪ್ ಹಾಕಿಕೋ ಅಂದಿದ್ದರು' ಎಂದು ಸಾಕ್ಷಿ ಕಟ್ಟೆಯಲ್ಲಿ ಒಳ್ಳೆಯ ಮನಸ್ಸಿನಿಂದ ಹೇಳಿದ ಒಂದೇ ಮಾತಿಗೆ ಮೂವತ್ತು ವರ್ಷದ ಬಳಕೆ ಅನುಮತಿ ಎಂದಾಗಿಬಿಡುತ್ತದೆ. ಅನುಮತಿ ಪಡೆದು ಬಳಸಿದ ಕಾಲ ಲೆಕ್ಕಕ್ಕೆ ಬರುವುದಿಲ್ಲ. ಮಗ್ಗಲಿನವರು ಪೈಪ್ ಒಡೆದು ಅಡ್ಡಿ ಮಾಡಿದರೆ ಆ ಅಡ್ಡಿಯನ್ನು ತಿಳಿದೂ ಒಂದು ವರ್ಷ ಸುಮ್ಮನಿರಬಾರದು. ಇದ್ದರೆ 20 ವರ್ಷದ ಸರಪಳಿ ಕಡಿಯುತ್ತದೆ. ದಾವೆಯನ್ನೂ ಬಳಕೆ ನಿಂತ ಎರಡು ವರ್ಷದೊಳಗೆ ಹೂಡಬೇಕು.

ಅನುಮತಿ ಇದ್ದವರಿಗೂ ಒಂದು ಆಸರೆ ಇದೆ. ಅದನ್ನು ನಂಬಿ ಕಾಯಂ ಸ್ವರೂಪದ ಕಾಮಗಾರಿಗೆ ಖರ್ಚು ಮಾಡಿದ್ದರೆ 60ನೇ ಕಲಂ ಪ್ರಕಾರ ಹಿಂತೆಗೆಯಲಾಗದು. ಕಲ್ಲು, ಸಿಮೆಂಟಿನಲ್ಲಿ ಕಟ್ಟಿದ ಕಾಲುವೆಗೆ ಈ ವಾದ ಗಟ್ಟಿ. ಸುತ್ತಿ ಒಯ್ಯಬಹುದಾದ ಕಪ್ಪು ಪೈಪಿಗೆ ಅದೇ ವಾದ ಹೂಡುವುದು ಕಷ್ಟ. ಖರ್ಚಿನ ರಸೀದಿ, ಕೆಲಸ ಮಾಡಿದ ವರ್ಷದ ಪುರಾವೆ ಇಲ್ಲದಿದ್ದರೆ ಇನ್ನೂ ಕಷ್ಟ.

ಹಾಗಿದ್ದರೆ ನೋಟರಿ ಮಾಡಿಸಿದ ಬಾಂಡ್ ಪೇಪರ್? ಅನುಭೋಗದ ಹಕ್ಕು ಸ್ಥಿರ ಸ್ವತ್ತಿನ ಹಕ್ಕು. ನೂರು ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಬೆಲೆಯದ್ದಾದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ನೋಟರಿ ಮುದ್ರೆ ಸಹಿ ನಿಜ ಎನ್ನುತ್ತದೆ, ಹಕ್ಕು ಹುಟ್ಟಿಸುವುದಿಲ್ಲ. ವಿಪರ್ಯಾಸ ನೋಡಿ, ಅಂಥ ಕಾಗದ ಕೆಲವೊಮ್ಮೆ 'ನೀವು ಅನುಮತಿ ಕೇಳಿದ್ದಿರಿ' ಎಂಬುದಕ್ಕೆ ಎದುರಾಳಿಯ ಪುರಾವೆ ಆಗುತ್ತದೆ.

ಪಾಲಿನ ಬಾವಿ

ಅಣ್ಣತಮ್ಮಂದಿರ ಪಾಲಿನ ಪತ್ರಗಳಲ್ಲಿ ಎಕರೆ, ಗುಂಟೆ, ಚಕ್ಕುಬಂದಿ ಚೆನ್ನಾಗಿರುತ್ತದೆ. ಬಾವಿಗೆ ಬಂದಾಗ 'ಬಾವಿ ಸಾಮಾಯಿಕ', ಅಂದರೆ ಎಲ್ಲರಿಗೂ ಸೇರಿದ್ದು, ಎಂಬ ಎರಡು ಪದ. ಮುಂದಿನ ತಲೆಮಾರು ಈ ಎರಡು ಪದದ ಮೇಲೆ ಹತ್ತು ವರ್ಷ ಕೋರ್ಟಿಗೆ ಅಲೆಯುತ್ತದೆ.

ಪತ್ರದಲ್ಲಿ ಬೇಕಾದದ್ದು ಯಾರ ಪಾಲು ಎಷ್ಟಾಣೆ, ಪಾಳಿ ದಿನದ ಲೆಕ್ಕವೋ ವಿದ್ಯುತ್ ಇರುವ ತಾಸಿನ ಲೆಕ್ಕವೋ, ಜೆಸ್ಕಾಂ ಸಂಪರ್ಕದ ಆರ್‌ಆರ್ ನಂಬರ್ ಯಾರ ಹೆಸರಿಗೆ, ಬಿಲ್ಲು ಮತ್ತು ಮೋಟಾರ್ ರಿಪೇರಿ ಹೇಗೆ ಹಂಚಿಕೆ, ಪೈಪ್ ಯಾವ ಬದುವಿನ ಗುಂಟ, ಬಾವಿಗೆ ಎಷ್ಟು ಅಡಿ ದಾರಿ. ತಾಸಿನ ಮಾತು ಬಿಡಬೇಡಿ: ತ್ರೀಫೇಸ್ ಒಂದು ವಾರ ಹಗಲು, ಒಂದು ವಾರ ರಾತ್ರಿ ಬಂದರೆ 'ಸೋಮವಾರ, ಮಂಗಳವಾರ ಅಣ್ಣನ ಪಾಳಿ' ಎಂಬ ಹಂಚಿಕೆ ಒಂದು ಬೆಳೆಯಲ್ಲೇ ಕೆಡುತ್ತದೆ. ಇನ್ನೊಂದು ಮಾತು, ಬಾವಿಯೊಳಗೆ ಬೋರ್ ಹಾಕಿಸಿದರೆ ಆ ನೀರೂ ಪಾಲಿನದೋ, ಖರ್ಚು ಮಾಡಿದವನದೋ? ಬರೆದಿಡದಿದ್ದರೆ ಜಗಳ ಖಾತ್ರಿ.

ಪತ್ರ ಮೌನವಾಗಿದ್ದರೆ 1882ರ ಕಾಯ್ದೆಯ 13ನೇ ಕಲಂ ನೆರವಿಗೆ ಬರುತ್ತದೆ. ಪಾಲಾದಾಗ ಒಬ್ಬನ ಹೊಲ ಅನುಭವಿಸಲು ಇನ್ನೊಬ್ಬನ ಹೊಲದಲ್ಲಿ ದಾರಿ, ನೀರಿನ ಹಾದಿ ಅನಿವಾರ್ಯವಾದರೆ ಹಕ್ಕು ತಾನಾಗಿ ಹುಟ್ಟುತ್ತದೆ, 20 ವರ್ಷ ಕಾಯಬೇಕಿಲ್ಲ. ಆದರೆ ಅನಿವಾರ್ಯತೆ ಮುಗಿದರೆ ಆ ಹಕ್ಕೂ ಮುಗಿಯುತ್ತದೆ. ತಮ್ಮ ತನ್ನ ಹೊಲದಲ್ಲೇ ಬೋರ್ ಹೊಡೆಸಿ ಮೂರಿಂಚು ನೀರು ಬಿದ್ದ ದಿನ, ಅಣ್ಣನ ವಕೀಲರಿಗೆ ಹೊಸ ವಾದ ಸಿಕ್ಕಂತೆ.

ಮಳೆನೀರಿನ ತಕರಾರು ಇದಕ್ಕಿಂತ ಸರಳ. ಮೇಲಿನ ಹೊಲದಲ್ಲಿ ಬಿದ್ದ ಮಳೆ ಇಳಿಜಾರಿನ ಗುಂಟ ತಾನಾಗಿ ಬಂದರೆ ಕೆಳಗಿನ ಹೊಲದವರು ಬಿಟ್ಟುಕೊಳ್ಳಲೇಬೇಕು. ಮೇಲಿನವರು ಬದು ಒಡೆದು, ಜೆಸಿಬಿಯಲ್ಲಿ ಗಾವಡಿ ತೋಡಿ ಎಲ್ಲ ನೀರನ್ನು ಒಂದೇ ಮೂಲೆಯಿಂದ ಬಿಟ್ಟರೆ ಅದು 'ತಾನಾಗಿ' ಅಲ್ಲ. ಎರೆ ಭೂಮಿಯಲ್ಲಿ ನೀರು ನಿಂತರೆ ತೊಗರಿಯ ಬೇರು ಉಸಿರು ಕಟ್ಟಿ ಕೊಳೆಯುತ್ತದೆ. ಮಳೆ ಬಿಟ್ಟ ಕೂಡಲೇ ತಾರೀಖು ಕಾಣುವಂತೆ ಫೋಟೋ ತೆಗೆದು, ಗ್ರಾಮ ಆಡಳಿತಾಧಿಕಾರಿಯಿಂದ ಪಂಚನಾಮೆ ಮಾಡಿಸದಿದ್ದರೆ ಎರಡು ವಾರದ ನಂತರ ತೋರಿಸಲು ಏನೂ ಉಳಿಯುವುದಿಲ್ಲ.

ಯಾವ ಬಾಗಿಲು ತಟ್ಟಬೇಕು

ನೀರಿನ ಮೂಲ ನಿಮ್ಮದು, ದಾರಿ ಮಾತ್ರ ಇಲ್ಲ ಎಂದಾದರೆ ತಹಶೀಲ್ದಾರರಲ್ಲಿ ಭೂಕಂದಾಯ ಕಾಯ್ದೆಯ 90ನೇ ಕಲಂ ಅಡಿ ಅರ್ಜಿ ಹಾಕಬಹುದು. ಮಗ್ಗಲಿನವರೊಂದಿಗೆ ಒಪ್ಪಂದ ಆಗಿಲ್ಲ, ಈ ಹಾದಿಯಿಲ್ಲದೆ ಬೇಸಾಯ ಪೂರ್ತಿ ಆಗದು ಎಂದು ತೋರಿಸಬೇಕು. ತಹಶೀಲ್ದಾರರು ಎದುರಿನವರ ತಕರಾರು ಕೇಳಿ, ಅವರ ಹೊಲಕ್ಕೆ ಆದಷ್ಟು ಕಡಿಮೆ ಹಾನಿಯಾಗುವ ಹಾದಿ ಗೊತ್ತು ಮಾಡುತ್ತಾರೆ. ಪರಿಹಾರ ಕೊಡಬೇಕಾಗುತ್ತದೆ, ರಿಪೇರಿಯೂ ನಿಮ್ಮದೇ. ನೆಲದಡಿಯ ಪೈಪ್ ಆದರೆ ಟ್ರ್ಯಾಕ್ಟರ್ ನೇಗಿಲಿಗೆ ಸಿಗದಂತೆ ಅರ್ಧ ಮೀಟರ್‌ಗಿಂತ ಕೆಳಗೇ ಹಾಕಿಸಿ. ಇದು 20 ವರ್ಷದ ಬಳಕೆ ಕೇಳದ ದಾರಿ. ಆದರೂ ಬಳಸುವವರು ಕಡಿಮೆ.

ಮೊನ್ನೆವರೆಗೆ ಬರುತ್ತಿದ್ದ ನೀರನ್ನು ಯಾರೋ ಕಟ್ಟಿಹಾಕಿ ಹೊಡೆದಾಟದ ಹಂತ ತಲುಪಿದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 166ನೇ ಕಲಂ ಇದೆ. 2024ರ ಜುಲೈವರೆಗೆ ಇದು ಸಿಆರ್‌ಪಿಸಿ 147 ಆಗಿತ್ತು. ತಾಲೂಕು ದಂಡಾಧಿಕಾರಿಯಾಗಿ ತಹಶೀಲ್ದಾರರು ಅಡ್ಡಿ ತೆಗೆಸುವ ಆದೇಶ ಮಾಡಬಹುದು. ಇಲ್ಲಿ ಅವಧಿ ಮುಖ್ಯ: ವರ್ಷಪೂರ್ತಿಯ ಹಕ್ಕಾದರೆ ದೂರು ತಲುಪುವ ಹಿಂದಿನ ಮೂರು ತಿಂಗಳಲ್ಲಿ, ಹಂಗಾಮಿನದ್ದಾದರೆ ಕಳೆದ ಹಂಗಾಮಿನಲ್ಲಿ ಬಳಸಿರಬೇಕು. ಈ ಆದೇಶ ಶಾಂತಿ ಕಾಪಾಡಲು ಮಾತ್ರ. ಹಕ್ಕು ಯಾರದೆಂಬ ಅಂತಿಮ ತೀರ್ಮಾನ ಸಿವಿಲ್ ಕೋರ್ಟಿನದು.

ಸಿವಿಲ್ ದಾವೆಗೆ ಪುರಾವೆ ಬೇಕು. ಗ್ರಾಮ ನಕ್ಷೆ, ಹಳೆಯ ಪಹಣಿಯ ನೀರಾವರಿ ಕಾಲಂ, ಪಂಪ್‌ಸೆಟ್ ಸಂಪರ್ಕ ಪಡೆದ ತಾರೀಖು, ಬ್ಯಾಂಕಿನ ಬಾವಿ ಸಾಲದ ಕಾಗದ ಇವೆಲ್ಲ ಮಾತಿಗಿಂತ ಭಾರ. ಉರ್ದು ದಾಖಲೆಯ ಫಸಲಿ ವರ್ಷಕ್ಕೆ 590 ಕೂಡಿಸಿದರೆ ಇಸವಿ ಸಿಗುತ್ತದೆ: 1357 ಫಸಲಿ ಎಂದರೆ 1947–48. ಸ್ಥಳ ಪರಿಶೀಲನೆಗೆ ಕೋರ್ಟ್ ಕಮಿಷನರ್ ನೇಮಿಸಲು ಬೇಗ ಅರ್ಜಿ ಹಾಕಿ. ಉತ್ತಿದ ಮೇಲೆ ಕಾಲುವೆಯ ಗುರುತು ಇರುವುದಿಲ್ಲ.

ಮುಂದೆ ಏನಾಗಬಹುದು

ಕಾಲುವೆ ಪಕ್ಕದ ಜಮೀನಿನ ಬೆಲೆ ಇಷ್ಟು ದಿನ 'ನೀರು ಹತ್ತಿರ' ಎಂಬ ಕಾರಣಕ್ಕೆ ಏರಿತ್ತು. ಇನ್ನು ಬೋರ್ ಸಿಗದು ಎಂಬ ಕಾರಣಕ್ಕೆ ಚೌಕಾಸಿ ಶುರುವಾಗುತ್ತದೆ. ಹಳೆಯ ಬೋರ್ ಇರುವ ಹೊಲಕ್ಕೆ ಬೇಡಿಕೆ ಹೆಚ್ಚಿದರೆ ಹೊಸದಾಗಿ ಕೊರೆದು ಹಳೆಯದೆಂದು ತೋರಿಸುವ ಆಟವೂ ಬರುತ್ತದೆ. ಹಾಗಾಗಿ ಬೋರ್ ಕೊರೆದ ಬಿಲ್ಲು, ಸಂಪರ್ಕದ ತಾರೀಖು ಈಗಲೇ ಜೋಪಾನ ಮಾಡಿ. ಬತ್ತಿದ ಬೋರ್ ಬಾಯಿ ತೆರೆದು ಬಿಟ್ಟಿದ್ದರೆ ಅದೂ ಅಪರಾಧ. 2010ರ ಸುಪ್ರೀಂ ಕೋರ್ಟ್ ಮಾರ್ಗಸೂಚಿ ಪ್ರಕಾರ ಬಿಟ್ಟ ಬೋರನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಕಲ್ಲಿನಿಂದ ತುಂಬಬೇಕು; ಬಳಕೆಯ ಬೋರಿನ ಕೇಸಿಂಗ್ ಸುತ್ತ ನೆಲದ ಮೇಲೆ 30, ಕೆಳಗೆ 30 ಸೆಂಟಿಮೀಟರ್ ಸಿಮೆಂಟ್ ಕಟ್ಟೆ ಇರಬೇಕು.

500 ಮೀಟರನ್ನು ಎಲ್ಲಿಂದ ಅಳೆಯಬೇಕು ಎಂಬುದೇ ಮೊದಲ ವ್ಯಾಜ್ಯವಾದರೆ ಅಚ್ಚರಿಯಿಲ್ಲ. ನೀರಿನ ಅಂಚಿನಿಂದಲೋ, ಏರಿಯಿಂದಲೋ, ಕಾಲುವೆಗೆ ಸ್ವಾಧೀನವಾದ ಜಮೀನಿನ ಗಡಿಕಲ್ಲಿನಿಂದಲೋ? ಒಂದು ಆಯ್ಕೆಗೂ ಇನ್ನೊಂದಕ್ಕೂ ಹತ್ತಾರು ಮೀಟರ್ ಅಂತರ. ಗೆರೆಯ ಮೇಲಿರುವ ಬೋರಿಗೆ ಅಷ್ಟೇ ಸಾಕು. ನೋಟಿಸ್ ಬಂದರೆ ಉತ್ತರ ಬರೆಯುವ ಮೊದಲು ಭೂಮಾಪನ ಇಲಾಖೆಗೆ ಹದ್ದುಬಸ್ತು (ಗಡಿ ಅಳತೆಯ) ಅರ್ಜಿ ಹಾಕಿ, ಸ್ವಾಧೀನದ ಗಡಿಯನ್ನೂ ಬೋರಿನ ಜಾಗವನ್ನೂ ಒಂದೇ ನಕಾಶೆಯಲ್ಲಿ ಗುರುತು ಮಾಡಿಸಿಕೊಳ್ಳಿ.